ಆಚೆ ತುದಿಯವನು

ಮೂವತ್ತೊಂದು ವರ್ಷ ನಾನು ಬೆನ್ನು ತಿರುಗಿಸಿ ನಿಂತೇ
ಹುಡುಗರನ್ನು ಆರಿಸಿದವನು.
ನೋಡುವುದೇನಿದೆ, ಬ್ಯಾಟಿನ ಸದ್ದೇ ಹೇಳುತ್ತದೆ:
ನಡುವಿಗೆ ತಾಗಿದರೆ ಒಣಸೌದೆ ಸೀಳಿದಂತೆ,
ಅಂಚಿಗೆ ತಾಗಿದರೆ ಯಾರೋ ಲೊಚಗುಟ್ಟಿದಂತೆ.
ಸುಮೇಧ ಮಹತ್ತಯಾ ಕಣ್ಣು ಮುಚ್ಚಿ ತಂಡ ಕಟ್ಟುತ್ತಾರೆಂದು
ಗಾಲೆಯಿಂದ ಕುರುನೇಗಲದವರೆಗೆ ಮಾತಿತ್ತು.
ಆ ಮಾತು ಹಬ್ಬಿಸಿದವನೂ ನಾನೇ ಇರಬೇಕು.

ಈಗ ಮೊರಟುವದ ಈ ಮೈದಾನ.
ಒಂದು ಕಡೆ ರೈಲುಹಳಿ, ಅದರಾಚೆ ಸಮುದ್ರ,
ಇನ್ನೊಂದು ಕಡೆ ಬಡಗಿಗಳ ಶೆಡ್ಡುಗಳು;
ಗರಗಸದ ಹೊಟ್ಟು ಹಾರಿ ಬಂದು
ಪಿಚ್ಚಿನ ಮೇಲೆ ತೆಳ್ಳಗೆ ಕೂತಿದೆ.
ಕಿವುಡರ ತಂಡಕ್ಕೆ ಆಯ್ಕೆ.
ಬಂದವರು ನಲವತ್ತಾರು, ಬೇಕಾದವರು ಹದಿನಾಲ್ಕು.

ಬೆಳಿಗ್ಗೆಯೇ ಒಬ್ಬನನ್ನು ವಾಪಸು ಕಳಿಸಿದೆವು.
ಐದು ಡೆಸಿಬಲ್ ಹೆಚ್ಚು ಕೇಳಿಸುತ್ತದಂತೆ.
ಇಲ್ಲಿ ಆಡುವಷ್ಟು ಕಿವುಡನಲ್ಲ,
ಊರ ತಂಡಕ್ಕೆ ಸಾಕಾಗುವಷ್ಟು ಕಿವಿಯೂ ಇಲ್ಲ.
ಕಾಗದ ಮಡಿಸಿ ಜೇಬಿಗಿಟ್ಟುಕೊಂಡು
ಬಸ್ ಸ್ಟಾಪಿಗೆ ಹೋಗದೆ
ಸೈಟ್‌ಸ್ಕ್ರೀನಿನ ನೆರಳಲ್ಲಿ ಕೂತ.
ಎಬ್ಬಿಸುವ ಧೈರ್ಯ ನನಗಾಗಲಿಲ್ಲ.

ಆಟಕ್ಕೆ ಮೊದಲು ಶ್ರವಣಯಂತ್ರ ಕಳಚಿಡಬೇಕು.
ಎಲ್ಲವೂ ಬಿಸ್ಕತ್ತಿನ ಡಬ್ಬಿಯೊಳಗೆ,
ಡಬ್ಬಿ ನನ್ನ ತೊಡೆಯ ಮೇಲೆ.
ಮುಚ್ಚಳದಡಿ ಯಾವುದೋ ಒಂದು ಕುಂಯ್‌ಗುಟ್ಟುತ್ತಿತ್ತು.
ಬಲಗಿವಿಗೆ ಹಿಡಿದರೆ ಕೇಳಿಸಿತು.
ಎಡಗಿವಿಗೆ ಇಲ್ಲ.
ಅದು ಎರಡು ವರ್ಷದಿಂದ ಹೀಗೇ.
ಮಂಡಳಿಗೆ ಹೇಳಿಲ್ಲ. ಹೆಂಡತಿಗೂ.

ರತ್ಮಲಾನದ ನಿಪುಲ ಬ್ಯಾಟು ಹಿಡಿದ.
ಅಭ್ಯಾಸಬಲ, ಬೆನ್ನು ತಿರುಗಿಸಿದೆ.
ಸೌದೆ ಸೀಳಿತು. ಹೆಸರು ಬರೆದೆ.
ಮುಂದಿನ ಕೂಗಿಗೆ ಕಾದೆ: ಬಾ, ಬೇಡ, ನಿಲ್ಲು, ಇನ್ನೊಂದು,
ಯಾವ ಗಲ್ಲಿಯಲ್ಲಾದರೂ ಎರಡು ವಿಕೆಟಿನ ನಡುವೆ
ಹರಿದಾಡುವ ಆ ಗದ್ದಲಕ್ಕೆ.
ಏನೂ ಬರಲಿಲ್ಲ.
ತಿರುಗುವಷ್ಟರಲ್ಲಿ ಎರಡು ರನ್ ಮುಗಿದು
ಹುಡುಗರಿಬ್ಬರೂ ಬ್ಯಾಟೂರಿ ನಿಂತಿದ್ದರು.

ಆಚೆ ತುದಿಯವನು ಯೋಗರಾಸಾ, ಮಟ್ಟಕ್ಕಳಪ್ಪಿನವನು.
ಇಬ್ಬರ ಶಾಲೆ ಬೇರೆ, ಸನ್ನೆಯೂ ಬೇರೆ.
ಚಹಾದ ಹೊತ್ತಿಗೆ ನಿಪುಲ ಸಕ್ಕರೆ ಕೇಳಿದ,
ಇವನು ಹೋಗಿ ಟವೆಲ್ಲು ತಂದುಕೊಟ್ಟಿದ್ದ.
ಅಂಥವರು ಹೇಗೆ ಓಡಿದರು?

ಮೊದಲ ಬಾರಿಗೆ ಕುರ್ಚಿ ತಿರುಗಿಸಿ ಕೂತೆ.
ಯೋಗರಾಸಾ ಚೆಂಡನ್ನು ನೋಡುವುದೇ ಇಲ್ಲ.
ಕವರಿನಲ್ಲಿ ನಿಂತವನ ಹಿಮ್ಮಡಿ ನೋಡುತ್ತಾನೆ,
ಭಾರ ಯಾವ ಕಾಲಿಗೆ ಬಿತ್ತು,
ಎಸೆಯುವ ಕೈ ಯಾವುದು,
ಯಾರು ಬೆವರೊರೆಸುತ್ತಿದ್ದಾನೆ.
ಹಾವಿಗೆ ಕಣ್ಣೇ ಕಿವಿ ಅನ್ನುತ್ತಾರೆ ಹಳಬರು,
ಇವನಿಗೆ ಕಣ್ಣೇ ಬಾಯಿಯೂ ಹೌದು.
ಗದ್ದ ಒಂದು ಗೋಧಿಕಾಳಿನಷ್ಟು ಮೇಲೆತ್ತಿದರೆ
ಅತ್ತಣಿಂದ ನಿಪುಲ ಹೊರಟಾಗಿರುತ್ತದೆ.

ಜೋಡಿ ಬದಲಿಸಿ ನೋಡಿದೆ.
ಮೂರನೇ ಚೆಂಡಿಗೆ ನಿಪುಲ ನಡುಹಾದಿಯಲ್ಲಿ
ಒಬ್ಬನೇ ನಿಂತಿದ್ದ, ಸಂತೆಯಲ್ಲಿ ಕೈತಪ್ಪಿದ ಮಗುವಿನಂತೆ.
ಯೋಗರಾಸಾನನ್ನು ಮತ್ತೆ ಕರೆದೆ.
ಬ್ಯಾಟಿಂಗ್ ಅಂತೂ ಸುಮಾರು, ಅದನ್ನೂ ಹೇಳಬೇಕು,
ಹತ್ತು ಚೆಂಡಿಗೆ ನಾಲ್ಕು ರನ್, ಅದರಲ್ಲೆರಡು ಅಂಚಿನದು.

ನಮೂನೆಯಲ್ಲಿ ಇದಕ್ಕೆ ಕಾಲಂ ಇಲ್ಲ.
ಹೊಡೆತ, ಎಸೆತ, ಹಿಡಿತ, ದಮ್ಮು,
ಕೊನೆಗೆ "ಇತರೆ" ಎಂದು ಎರಡು ಬೆರಳಗಲ ಜಾಗ.
"ನೋಡುತ್ತಾನೆ" ಎಂದು ಬರೆದೆ.
ಕುಮುದಿನಿ ರಣವಕ ಓದಿ ನಕ್ಕಳು:
ಎಲ್ಲರೂ ನೋಡುತ್ತಾರಲ್ಲ ಮಹತ್ತಯಾ?
ಅವಳು ಬೇರೇನೋ ಅಂದಿರಲೂಬಹುದು,
ಕೂತದ್ದು ನನ್ನ ಎಡಕ್ಕೆ,
ನಾನು ಓದಿದ್ದು ತುಟಿ.
ಹೆಸರನ್ನು ಮಾತ್ರ ಅಳಿಸಗೊಡಲಿಲ್ಲ.

ಸಂಜೆ ಒಬ್ಬೊಬ್ಬರೇ ಡಬ್ಬಿಗೆ ಬಂದರು.
ಯೋಗರಾಸಾ ಎಡಗಡೆಯಿಂದ ಬಂದವನು
ಎರಡು ಹೆಜ್ಜೆ ದೂರದಲ್ಲಿ ತಡೆದು,
ನನ್ನ ಮುಖ, ನನ್ನ ಕತ್ತು, ನಾನು ವಾಲಿದ ಬಗೆ ನೋಡಿ,
ಕುರ್ಚಿಯ ಹಿಂದಿನಿಂದ ಸುತ್ತು ಹಾಕಿ
ಬಲಕ್ಕೆ ಬಂದು ನಿಂತ.

ಡಬ್ಬಿ ಚಾಚಿದೆ.
ತನ್ನದನ್ನು ಹೆಕ್ಕಿಕೊಂಡು
ಗದ್ದ ಸ್ವಲ್ಪ ಮೇಲೆತ್ತಿದ.