ಮೊದಲ ಹದಿನೈದು

ಬೇತಮಂಗಲ ದಾಟಿ, ಪಾಲಾರಿನ ದಂಡೆ.
ಕಬ್ಬಿಣದ ಮುಕ್ಕಾಲಿಯ ಕೆಳಗೆ
ನಾನು, ಒಂದು ಪ್ಲಾಸ್ಟಿಕ್ ಕುರ್ಚಿ, ಮಣ್ಣು ಮೆತ್ತಿದ ರಿಜಿಸ್ಟರು.
ಹೆಣ್ಣುಮಕ್ಕಳ ಹಾಸ್ಟೆಲು, ಮೂರಂತಸ್ತು.
ಭೂಮಿ ನಡುಗಿದರೆ ನಿಂತೀತೇ ಎಂದು
ನೆಲವನ್ನೇ ಕೇಳಿ ಬನ್ನಿ ಅಂತ ಆಫೀಸಿನ ಪತ್ರ.

ನಮಗೆ ಗೊತ್ತಿರುವ ಕೇಳುವ ಬಗೆ ಒಂದೇ, ಹೊಡೆಯುವುದು.
ಅರವತ್ತಮೂರೂವರೆ ಕಿಲೋ ಸುತ್ತಿಗೆ,
ಮುಕ್ಕಾಲು ಮೀಟರು ಎತ್ತಿ, ಸುಮ್ಮನೆ ಬಿಡುವುದು.
ಕೊಳವೆ ಹದಿನೈದು ಸೆಂಟಿಮೀಟರು ಇಳಿಯಲು ಎಷ್ಟು ಏಟು,
ಮತ್ತೆ ಹದಿನೈದಕ್ಕೆ ಎಷ್ಟು, ಮತ್ತೂ ಹದಿನೈದಕ್ಕೆ.
ಮೊದಲ ಹದಿನೈದರ ಎಣಿಕೆ ಬರೆಯುತ್ತೇವೆ, ಕೂಡುವುದಿಲ್ಲ.
ಅದು ನಾವೇ ಕೊರೆದು ಕೆದಕಿದ ಮಣ್ಣು,
ಅದರ ಮಾತು ಅದರದ್ದಲ್ಲ.

ಹಗ್ಗ ಎಳೆಯುವವನು ಆರ್ಮುಗಂ, ಚಾಂಪಿಯನ್ ರೀಫಿನವನು.
ಅವನಪ್ಪ ಗಣಿಗಿಳಿಯುತ್ತಿದ್ದ ಕಾಲಕ್ಕೆ
ಒಳಗೆಲ್ಲೋ ಬಂಡೆ ಸಿಡಿದರೆ ಮೇಲೆ ಮನೆಯಲ್ಲಿ
ತಟ್ಟೆ ಲೋಟ ಗಲಗಲ ಅನ್ನುತ್ತಿದ್ದವಂತೆ.
ಅಮ್ಮ ಮೊದಲು ಒಲೆ ಆರಿಸುತ್ತಿದ್ದಳು,
ಆಮೇಲೆ ಗಡಿಯಾರ ನೋಡುತ್ತಿದ್ದಳು, ಯಾವ ಶಿಫ್ಟು ಅಂತ.
‘ಬಂಡೆ ಮೇಲೆ ನಡುಗಿದ್ರೆ ಪಾತ್ರೆ ಸದ್ದು ಮೇಡಂ,
ಮರಳ ಮೇಲೆ ನಡುಗಿದ್ರೆ?’

ನಮ್ಮಜ್ಜಿ ಮಾಲೂರು ಸಂತೆಯಲ್ಲಿ ರಾಗಿ ಅಳೆಯುತ್ತಿದ್ದಳು.
‘ಸೇರಿನ ಪಕ್ಕ ತಟ್ಟವ್ವ’ ಅಂದರೆ ಅವಳಿಗೆ ಕೋಪ;
ತಟ್ಟಿದರೆ ಕಾಳು ಕಾಳಿನ ಸಂದಿಗೆ ಜಾರಿ
ಮೇಲೆ ಇನ್ನೊಂದು ಹಿಡಿ ಹಿಡಿಯುತ್ತದೆ.
ಆ ಸಂದಿಗಳಲ್ಲೆಲ್ಲ ನೀರು ತುಂಬಿದ್ದರೆ?
ಕಾಳಿಗೆ ಇಳಿಯುವ ಅವಸರ, ನೀರಿಗೆ ಓಡಲು ದಾರಿಯಿಲ್ಲ.
ಆಗ ಕಾಳನ್ನು ಕಾಳು ಹೊರುವುದಿಲ್ಲ, ನೀರು ಹೊರುತ್ತದೆ.
ನೀರು ಎಷ್ಟು ಹೊತ್ತು ಹೊತ್ತೀತು?

ಒಂದೂವರೆ ಮೀಟರಿಗೆ: ಐದು, ಏಳು, ಎಂಟು.
ನೋಡಲು ಬಂದ ನೀರುಗಂಟಿ ದೊಡ್ಡಪಿಳ್ಳಪ್ಪ
‘ಗಟ್ಟಿ ನೆಲ ತಾಯಿ, ನಮ್ಮ ತಾತನ ಕಾಲದ್ದು’ ಅಂದ.
ಮೂರಕ್ಕೆ: ಎರಡು, ಒಂದು, ಎರಡು.
ಆರ್ಮುಗಂ ಹಗ್ಗ ಸಡಿಲಿಸಿ ನನ್ನ ಮುಖ ನೋಡಿದ.
ನಾಲ್ಕೂವರೆಗೆ, ಸುತ್ತಿಗೆ ಎತ್ತುವ ಮೊದಲೇ,
ಸರಳಿನ ತೂಕಕ್ಕೇ ಕೊಳವೆ ಇಳಿದುಹೋಯಿತು,
ತಣಿದ ಅಂಬಲಿಗೆ ಸೌಟು ಇಳಿದಂತೆ.
ಸೊನ್ನೆ ಬರೆದೆ. ತಿದ್ದಿ ದಪ್ಪ ಮಾಡಿದೆ.

ಕೊಳವೆ ಬಿಚ್ಚಿದರೆ ಬೂದು ಬಣ್ಣದ ಮೆದು.
ಅಂಗೈಗೆ ಹಾಕಿಕೊಂಡು ಪಕ್ಕದಿಂದ ಮೆಲ್ಲಗೆ ತಟ್ಟಿದೆ:
ಮೇಲೆಲ್ಲ ನೀರು ಮಿಂಚಿತು.
ಹಿಂಡಿದೆ: ಹೊಳಪು ಒಳಕ್ಕೆ ಹೋಯಿತು.
ಮತ್ತೆ ತಟ್ಟಿದೆ, ಮತ್ತೆ ಮಿಂಚಿತು.
ಅಂಗೈಯಗಲದ ಭೂಕಂಪ.

ದೊಡ್ಡಪಿಳ್ಳಪ್ಪ ಬೀಡಿ ಆರಿಸಿ ಕುಕ್ಕರಗಾಲಲ್ಲಿ ಕೂತ.
‘ಫಿಲ್ಟರ್ ಗುಂಡಿ ತಾಯಿ ಇದು.
ರಾತ್ರಿ ಹೊತ್ತು ಮಣ್ಣು ತೊಳೆಯೋದು,
ಮರಳು ಲಾರಿಗೆ, ರೊಚ್ಚು ಗುಂಡಿಗೆ. ನಾನೂ ತೊಳೆದೋನೇ.
ಆವಾಗ ಒಣಗಿ ಬಿರುಕು ಬಿಟ್ಟು ಕಲ್ಲಂಗಿತ್ತು.
ಈಗ ಪೈಪಿನಾಗೆ ಬೆಂಗಳೂರ ನೀರು ಬಂದು ಕೆರೆ ತುಂಬೈತೆ,
ಬಾವಿಗೆ ಜೀವ ಬಂದೈತೆ.
ಇದೂ ಕುಡ್ಕೊಂಡೈತೆ.’

ನೀರುಮಟ್ಟ, ಬೆಳಿಗ್ಗೆ ಏಳಕ್ಕೆ: ಒಂದು ಮೀಟರು ಎಂಬತ್ತು.
ಇಪ್ಪತ್ತು ವರ್ಷ ಈ ಊರು ಬೇಡಿಕೊಂಡ ಅಂಕಿ.
ನನ್ನ ಕೋಷ್ಟಕದಲ್ಲಿ ಅದು ಅಪಾಯದ ಕಲಮಿಗೆ ಬೀಳುತ್ತದೆ.

ಗುತ್ತಿಗೆದಾರನ ಕಡೆಯ ಹುಡುಗ ಬೈಕು ನಿಲ್ಲಿಸದೆಯೇ ಹೇಳಿದ:
‘ಹತ್ತು ಹೆಜ್ಜೆ ಆಚೆ ಕೊರೀರಿ, ಬಂಡೆ ಸಿಗುತ್ತೆ,
ಅದನ್ನೇ ಬರ್ಕೊಳ್ಳಿ. ಇಲ್ಲಿ ಯಾವತ್ತು ನಡುಗಿದೆ ಭೂಮಿ?’
ನಕ್ಷೆಯಲ್ಲಿ ನಮ್ಮದು ತಿಳಿಬಣ್ಣದ ಜಿಲ್ಲೆ, ನಿಜ.
ತಿಳಿಬಣ್ಣ ಬಿಳಿಯಲ್ಲ.

ಹತ್ತು ಹೆಜ್ಜೆ ಆಚೆಯೂ ಕೊರೆದೆವು.
ಐವತ್ತು ಏಟಿಗೆ ಎರಡು ಬೆರಳು ಇಳಿಯಲಿಲ್ಲ,
ಆರ್ಮುಗಂ ಅಂಗಿ ಬಿಚ್ಚಿ ಹಿಂಡಿದ.
ಒಂದೇ ಕಟ್ಟಡಕ್ಕೆ ಒಂದು ಕಾಲು ಬಂಡೆ, ಒಂದು ಕಾಲು ಅಂಬಲಿ.
ಎರಡನ್ನೂ ಬರೆದೆ.

ಹೊರಡುವಾಗ ದೊಡ್ಡಪಿಳ್ಳಪ್ಪ ಕೇಳಿದ,
‘ನಾನು ಮೊದ್ಲು ಹೇಳಿದ್ದೂ ಬರ್ಕೊಂಡ್ಯಾ?
ಗಟ್ಟಿ ನೆಲ ಅಂದಿದ್ದು?’
‘ಬರೆದಿದ್ದೇನೆ. ಕೂಡಿಲ್ಲ.’

ಅಂಗೈ ಗೆರೆಗಳಲ್ಲಿ ರೊಚ್ಚು ಒಣಗಿ ಬೆಳ್ಳಗಾಗಿತ್ತು.
ಅವನೇ ಚೊಂಬು ಬಗ್ಗಿಸಿ ನೀರು ಸುರಿದ,
ಪೂರ್ತಿ ತೊಳೆದುಹೋಗುವ ತನಕ.