ಳ

ಒಂದು ಅಕ್ಷರಕ್ಕಾಗಿ ಒಂದು ಕ್ಯಾಂಪು ಪೂರ್ತಿ ತೇದವನು ನಾನು,
ಈಗ ಹೇಳಿದರೆ ಮೊಮ್ಮಕ್ಕಳು ನಗುತ್ತಾರೆ.

ಜವರಯ್ಯನವರ ಕಂಪನಿ ಮಂಡ್ಯದಲ್ಲಿ ಟೆಂಟು ಹೊಡೆದಿತ್ತು.
ಫ್ಯಾಕ್ಟರಿ ಕಬ್ಬು ನುರಿಯುವ ತಿಂಗಳು,
ಊರಿಗೆಲ್ಲ ಕಾಕಂಬಿಯ ನಾತ.
ಸೈಡ್‌ವಿಂಗಿನ ಮರೆಯಲ್ಲಿ ಲಾಟೀನು, ನೋಟ್‌ಬುಕ್ಕು ಹಿಡಿದು
ಇನ್ನೊಬ್ಬರ ಮಾತು ಪಿಸುಗುಟ್ಟುವುದು ನನ್ನ ಸಂಬಳ.

ಆಗ ಬಂದಳು ಮೇವಿಸ್,
ಮೈಸೂರಿನ ರೈಲ್ವೆ ಕ್ವಾರ್ಟರ್ಸಿನ ಹುಡುಗಿ,
ಇಂಜಿನ್ ಡ್ರೈವರ್ ಡಿಕ್ರೂಜನ ಮೂರನೆಯವಳು,
ತಗಡಿನ ಟ್ರಂಕು, ಮೊಣಕಾಲಿನ ಫ್ರಾಕು.
ಚರ್ಚಿನ ಹಾಲಿನಲ್ಲಿ ಕ್ರಿಸ್‌ಮಸ್ಸಿಗೆ ದೇವದೂತೆಯಾಗಿದ್ದಳಂತೆ.
"ಅಷ್ಟು ಸಾಕು" ಎಂದರು ಯಜಮಾನರು,
ಅವಳ ಕಣ್ಣು ನೋಡಿ, ಗೇಟಿನ ಕಲೆಕ್ಷನ್ನು ನೆನೆದು.
ಮಾಲತಿ ಎಂದು ಹೆಸರಿಟ್ಟರು,
ತನ್ನ ಹೆಸರನ್ನಾದರೂ ಸರಿಯಾಗಿ ಅನ್ನಲಿ ಎಂದು.

ಇಂಗ್ಲಿಷ್ ಅಕ್ಷರದಲ್ಲಿ ಕನ್ನಡದ ಮಾತು ಬರೆದುಕೊಟ್ಟೆ.
ಆ ಲಿಪಿಯಲ್ಲಿ ಇರುವುದು ಒಂದೇ ಲ.

ಮೊದಲ ರಾತ್ರಿ, ರಾಜಸಭೆ. ಮಂತ್ರಿಯ ಮಗಳು
ಕೈಮುಗಿದು, ತಲೆಯೆತ್ತಿ,
"ಹೇಲು ಪ್ರಭು" ಎಂದಳು.
ನೆಲದ ಕ್ಲಾಸು ಎದ್ದು ಕುಣಿಯಿತು.
ರಾಜ ತನ್ನ ಗಡ್ಡದೊಳಗೇ ಸತ್ತ.
ಮೆಚ್ಚಿದರೆಂದುಕೊಂಡು ಅವಳು
ಇನ್ನೊಮ್ಮೆ ಅಂದಳು, ಇನ್ನೂ ಜೋರಾಗಿ.
ಅರ್ಥ ತಿಳಿಸಿದ್ದು ಅಡುಗೆಯ ಸಾಕವ್ವ, ಪರದೆ ಬಿದ್ದ ಮೇಲೆ.
ಅಳಲಿಲ್ಲ ಮೇವಿಸ್. ಬಣ್ಣ ಒರೆಸಿಕೊಳ್ಳದೆ ಬಂದು
ನೋಟ್‌ಬುಕ್ಕು ಕಿತ್ತುಕೊಂಡು ಕೇಳಿದಳು:
"ತೋರಿಸಿ, ಎಲ್ಲೆಲ್ಲಿದೆ ಅದು?"

ಎಲ್ಲೆಲ್ಲೂ ಇತ್ತು.
ರಾತ್ರಿಯೆಲ್ಲ ಕೂತು ಕಳೆ ಕೀಳುವ ಹಾಗೆ ಕಿತ್ತೆ.
ಕೇಳು ಹೋಗಿ ಆಲಿಸು, ಬೆಳಕು ಹೋಗಿ ಜ್ಯೋತಿ,
ಮಳೆಗೆ ವೃಷ್ಟಿ ಎಂದು ಬರೆಯುವಾಗ
ನನಗೇ ನಾಚಿಕೆಯಾಯಿತು.
ಮರುದಿನ ಗದ್ದೆ ಕಡೆಯಿಂದ ಬಂದವರು ಬೀಡಿ ಆರಿಸಿ ಕೂತು
"ಏನ್ ಗತ್ತು ಕಣ್ಲಾ, ಅರಮನೆಯೋಳೇ ಇರ್ಬೇಕು" ಎಂದರು.

ಒಂದು ಮಾತ್ರ ಉಳಿಯಿತು. ಕೊನೆಯ ಅಂಕ, ಸೆರೆಮನೆ,
ಗಂಡುವೇಷ ಕಳಚಿ ನಿಂತು ಹೇಳಬೇಕು:
"ನೀವು ಹುಡುಕುವ ಅವಳು ನಾನೇ."
ಆಕೆ ಎಂದು ತಿದ್ದಿ ನೋಡಿದೆ, ಮಾತು ಸಪ್ಪಗಾಯಿತು.
ಹಾಗೇ ಬಿಟ್ಟರೆ "ಅವಲು",
ಹಿಂದಿನ ಬೆಂಚಿನಿಂದ ಯಾರೋ ಮೊಸರು ಕೇಳುತ್ತಿದ್ದ.

ನಾಲೆಯ ಏರಿ ಮೇಲೆ ದಿನಾ ಬೆಳಿಗ್ಗೆ ಪಾಠ.
ನಾಲಗೆ ಹಿಂದಕ್ಕೆ ಮಡಿಚು, ಅಂಗುಳಕ್ಕೆ ತಾಗಿಸಿ ಬಿಡು.
ಅಂಗುಳ ಅನ್ನುವಲ್ಲೇ ಕೂತಿತ್ತು ಅದು, ಪಾಪ,
ಜಾಗ ತೋರಿಸಲಿಕ್ಕೂ ಆ ಜಾಗವೇ ಬೇಕು.
ಕಬ್ಬಿನ ಜಲ್ಲೆ ಸಿಗಿದು ಕೊಟ್ಟೆ,
ಸಿಪ್ಪೆ ಉಗಿದು ಲ ಎಂದಳು.
ಗಾಡಿಯವರು ಎತ್ತು ನಿಲ್ಲಿಸಿ ತಾವೂ ಹೇಳಿಕೊಟ್ಟು ಹೋದರು.
ಇಪ್ಪತ್ತಾರನೆಯ ದಿನವೋ ಏನೋ,
ಲಂಗ ಹಿಂಡುತ್ತಾ, ಯಾರಿಗೂ ಅಲ್ಲದೆ,
"ಚಳಿ" ಅಂದಳು.
ಇಬ್ಬರೂ ಸುಮ್ಮನಾದೆವು.

ಆಮೇಲಿನದು ಬೇಗ ಬೇಗ.
ಸಿನಿಮಾದವರು ಎರಡನೇ ಸಾಲಿನ ಕುರ್ಚಿಯಲ್ಲಿ ಕಂಡರು,
ಇದೇ ಕಥೆ ಚಿತ್ರವಾಗುತ್ತದೆ ಎಂದರು,
ಮೈಸೂರಿನ ಸ್ಟುಡಿಯೋಗೆ ಕಾರು ಕಳಿಸಿದರು.
ಅಲ್ಲಿ ಪ್ರಾಂಪ್ಟರನಿಗೆ ಏನು ಕೆಲಸ?
ಗೇಟಿನಾಚೆ ಹುಣಸೆಮರದಡಿ ಕಾದೆ.
ನೆಲದ ಕೊನೆಯವನಿಗೂ ಮುಟ್ಟಲೆಂದು ಕೂಗಿದಳಂತೆ,
ಮೈಕಿನವನು ಕಿವಿಯ ಯಂತ್ರ ಕಿತ್ತೆಸೆದನಂತೆ,
ಮುಖ ಸಾಕು, ದನಿ ಬೇರೆಯವರದು ಹಾಕುತ್ತೇವೆ ಎಂದರಂತೆ.
ಇಷ್ಟನ್ನೂ ಒಂದೇ ಉಸಿರಿನಲ್ಲಿ ಹೇಳಿ
"ಟೀ ಕುಡಿದು ಹೋಗಿ" ಎಂದಳು.
ಕೊನೆಯ ರೈಲಿಗೆ ಮಂಡ್ಯಕ್ಕೆ ಮರಳಿದೆ.

ಚಿತ್ರ ಬಂತು. ಬೆಂಚಿನ ಟಿಕೆಟ್ಟು.
ಅಷ್ಟು ದೊಡ್ಡ ಮುಖ, ಗುರುತು ಹತ್ತಲು ಹೊತ್ತಾಯಿತು.
ಯಾರದೋ ದನಿ, ಬೆಣ್ಣೆಯಂಥದು,
ಮಳೆ ಮತ್ತೆ ಮಳೆಯಾಗಿತ್ತು.
ಸೆರೆಮನೆ ಬಂದಾಗ ನನಗೇ ತಿಳಿಯದೆ ಪಿಸುಗುಟ್ಟಿದೆ,
ಪಕ್ಕದವ ತೊಡೆಗೆ ಗುದ್ದಿದ.
"ನೀವು ಹುಡುಕುವ..."
ದನಿ ಅವಳದಲ್ಲ. ಆದರೆ ತೆರೆದ ತುಟಿಗಳ ನಡುವೆ
ಆಳೆತ್ತರದ ಕತ್ತಲಲ್ಲಿ
ನಾಲಗೆಯ ತುದಿ ಹಿಂದಕ್ಕೆ ಮಡಿಚಿ
ಅಂಗುಳ ಮುಟ್ಟಿತು.