ತಾಪಕೀರ ಗಲ್ಲಿಯಲ್ಲಿ ಳ

ಬುಧವಾರ ಪೇಟೆಯ ತಾಪಕೀರ ಗಲ್ಲಿಯ
ಈ ಅಂಗಡಿಗೆ ಬೋರ್ಡು ಬರೆದವನು ನಾನೇ,
ಹತ್ತೊಂಬತ್ತು ವರ್ಷದ ಹಿಂದೆ,
ಇಲ್ಲಿ ರೇಡಿಯೋ ರಿಪೇರಿ ಇದ್ದಾಗ.
ಈಗ ಅದರ ಮೇಲೆ ಫ್ಲೆಕ್ಸು.
ಫ್ಲೆಕ್ಸಿನ ಅಂಚಿಗೆ ನನ್ನ ಹಳದಿ ಇನ್ನೂ
ಒಂದು ಬೆರಳಗಲ ಕಾಣುತ್ತದೆ.
ಇಂದ್ರವ್ವನಿಗೆ ತೋರಿಸಿದೆ.
"ಹೂಂ, ಒಳಗ ನಡೀರಿ" ಅಂದಳು.

ಒಳಗೆ ಎಸಿ. ಕೌಂಟರಿನ ಹುಡುಗಿ,
ಎದೆಯ ಬಿಲ್ಲೆಯಲ್ಲಿ ಮೃಣ್ಮಯಿ,
ಎರಡು ಫೋನು ತಂದು ಗಾಜಿನ ಮೇಲೆ ಮಲಗಿಸಿ
ಮರಾಠಿಯಲ್ಲಿ ಹೇಳಿದಳು:
ಇದು ಸೇಬು, ಕಾಕಾ. ಸೊಸೈಟಿ ಇದ್ದ ಹಾಗೆ,
ಗೇಟಿನಲ್ಲಿ ವಾಚ್‌ಮನ್, ಬಂದವರ ಹೆಸರು
ಬರೆಸಿಕೊಂಡೇ ಒಳಗೆ ಬಿಡುವುದು.
ಇದು ಆಂಡ್ರಾಯ್ಡ್. ಹಳೇ ವಾಡೆ.
ಯಾವ ಬಾಗಿಲಿಂದಾದರೂ ಬನ್ನಿ.
ಕಳ್ಳನೂ ಬರುತ್ತಾನೆ, ನೆಂಟನೂ.

ವಾಡೆಯಲ್ಲಿ ಮೂವತ್ತು ವರ್ಷ ಬಾಡಿಗೆಗಿದ್ದವನು ನಾನು.
ಬಂದ ಕಳ್ಳ ಒಬ್ಬನೇ.
ಅವನೂ ಒಯ್ದ ಇಸ್ತ್ರಿಪೆಟ್ಟಿಗೆ
ಮೂರನೇ ದಿನ ತಂದು ಮೆಟ್ಟಿಲ ಮೇಲಿಟ್ಟು ಹೋದ.

ಅಳಿಯ ಹೇಳಿದ್ದು: ಸೇಬೇ ಕೊಳ್ಳಿ ಮಾವ, ಬಾಳಿಕೆ ಬರುತ್ತೆ.
ಮಗಳು: ಆ ದುಡ್ಡಿಗೆ ಇದು ಎರಡು ಬರುತ್ತವಪ್ಪ.
ಅವರ ಮನೆಯಲ್ಲಿ ಚಾರ್ಜರು ಎರಡು,
ಮಂಚದ ಹತ್ತಿರ ಪ್ಲಗ್ಗು ಒಂದು.

ನಾನು ಕೇಳಿದ್ದು ಬೇರೆ.
"ಎರಡರಲ್ಲೂ ಒಂದು ಳ ಬರೆದು ತೋರಿಸು ತಾಯಿ.
ನಿಮ್ಮದಲ್ಲ. ನಮ್ಮ ಕಡೆಯದು."
ಮರಾಠಿಯ ಳ ಸರಾಗ: ಕಂಬವೊಂದು, ಅತ್ತಿತ್ತ ಎರಡು ಸೊನ್ನೆ.
ನಮ್ಮದಕ್ಕೆ ಉಸಿರು ಕಟ್ಟಿ, ಕುಂಚ ಎತ್ತದೆ
ಬಳಸಿ ಬರಬೇಕು.
ಹುಡುಗಿ ಹುಡುಕಿ, ಕೀಲಿಮಣೆ ಇಳಿಸಿ,
ಒತ್ತಿದಳು.

ಒಂದರಲ್ಲಿ ಸಣಕಲು, ತಲೆಯಿಂದ ಬಾಲದವರೆಗೆ ಒಂದೇ ದಪ್ಪ,
ತಂತಿ ಬಾಗಿಸಿಟ್ಟ ಹಾಗೆ.
ಇನ್ನೊಂದರಲ್ಲಿ ಮೈ ಇತ್ತು, ತಿರುವು ಇತ್ತು.
ಆದರೆ "ಅಕ್ಕಲಕೋಟ" ಬರೆಸಿದಾಗ
ಒತ್ತಿನ ಪಾದ ಪೆಟ್ಟಿಗೆಯ ಅಂಚಿಗೆ ಸಿಕ್ಕಿ ತುಂಡಾಯಿತು.
ನಮ್ಮ ಉಸ್ತಾದರು ದಸ್ತಗೀರಸಾಬರಾಗಿದ್ದರೆ
ಇಷ್ಟಕ್ಕೇ ಫೂಟುಪಟ್ಟಿಯಿಂದ ಗೆಣ್ಣಿಗೆ ಕೊಡುತ್ತಿದ್ದರು.
"ಕಾಕಾ, ಜನ ಕ್ಯಾಮೆರಾ ನೋಡ್ತಾರೆ,"
ಅಂದಳು ಮೃಣ್ಮಯಿ, ಬೇಸರವಿಲ್ಲದೆ.

ಇಂದ್ರವ್ವನಿಗೆ ಓದು ಬಾರದು.
ನಲವತ್ತು ವರ್ಷ ನನ್ನ ಅಕ್ಷರಗಳನ್ನು
ನೀಲಿ, ಕೆಂಪು ಎಂದಷ್ಟೇ ಬಲ್ಲವಳು.
ಮೈಕಿನ ಗುರುತು ಮಾತ್ರ ಗೊತ್ತು.
ಸೇಬನ್ನು ಬಾಯಿಗೆ ಹಿಡಿದಳು.
ವಾಡೆಯ ಮಾಳಿಗೆಯಿಂದ ನನ್ನನ್ನು ಕರೆಯುವ ದನಿಯಲ್ಲೇ
"ಉಣ್ಣಾಕ ಬರ್ರಿ!"
ಅಂಗಡಿ ಪೂರಾ ತಿರುಗಿ ನೋಡಿತು.
ಫೋನು ಸುಮ್ಮನಿತ್ತು.
ಇದಕ್ಕೂ ನಿಮ್ಮ ಭಾಷೆಯ ಕಿವಿ ಇರಬೇಕು,
ಎಲ್ಲೋ ಸೆಟ್ಟಿಂಗಿನಲ್ಲಿ, ಹುಡುಕೋಣ ತಾಳಿ,
ಎನ್ನುತ್ತಿದ್ದಳು ಹುಡುಗಿ.
ಅಷ್ಟರಲ್ಲಿ ಇವಳು ಇನ್ನೊಂದಕ್ಕೆ ಹೇಳಿಯಾಗಿತ್ತು.
ಅದು ಚುಕ್ಕೆ ಚುಕ್ಕೆಯಾಗಿ ಯೋಚಿಸಿ
ಬರೆಯಿತು:
ಒಣ ಹಾಕಿ ಬರಿ.

ಓದಿ ಹೇಳಿದೆ.
ಕೌಂಟರು ಹಿಡಿದುಕೊಂಡು ನಕ್ಕಳು, ಕಣ್ಣಲ್ಲಿ ನೀರು.
"ಕಿವಿ ಮಂದ ಐತಿ. ಇರ್ಲಿ.
ನಿಮ್ಮವೇನು ಭಾಳ ಚುರುಕದಾವೇನು?
ಇದನ್ನ ಕಟ್ಟವಾ."

ನಾನು ನಗಲಿಲ್ಲ. ಉಸ್ತಾದರು ಹೇಳಿಕೊಟ್ಟ
ಮೊದಲ ಪಾಠವೇ ಅದು.
ಮೊದಲ ಕೋಟು ಒಣಗಲಿ, ಆಮೇಲೆ ಬರಿ.

ನಿನ್ನೆ ರಾಸ್ತಾ ಪೇಟೆಯಲ್ಲಿ ಏಣಿ ಮೇಲಿದ್ದೆ.
ಹಲ್ಲಿನ ಡಾಕ್ಟರು ನವಾಳೆಯವರ ಹೆಸರು.
ಸಂಜೆಯೊಳಗೆ ಬೇಕೆಂದಿದ್ದರು,
ಹಸಿ ಬಿಳಿಯ ಮೇಲೇ ನೀಲಿ ಎಳೆಯಹೊರಟಿದ್ದೆ.
ಜೇಬು ನಡುಗಿತು.
ಅದೇ ಮೂರು ಮಾತು.
ಕುಂಚವನ್ನು ಟರ್ಪೆಂಟೈನಿನ ಡಬ್ಬಿಗೆ ಇಳಿಸಿದೆ.
ಳ ಇನ್ನೂ ಶುರುವಾಗಿರಲಿಲ್ಲ.